ಮೆಣಸಿನ ರಾಣಿಗೆ ಮುಖ ಬರೆದವರಾರು?

ಭಟ್ಕಳದಿಂದ ಹೊನ್ನಾವರ, ಹೊನ್ನಾವರದಿಂದ ಕುಮಟೆ. ಹೆದ್ದಾರಿಯಲ್ಲಿ ಸುಮಾರು ಅರವತ್ತು ಕಿಲೋಮೀಟರು. ಉತ್ತರಕ್ಕೆ ಮುಖ ಮಾಡಿ ಹೊರಟರೆ ಎಡಗಡೆ ಕಡಲು, ಬಲಗಡೆ ಸಹ್ಯಾದ್ರಿ. ನಡುವಿನ ಅಗಲ ಕಿರಿದಾದ ಪಟ್ಟಿಯಲ್ಲಿ ತೆಂಗು, ಅಡಿಕೆ, ಗದ್ದೆ, ಹೊಳೆ, ಮತ್ತೆ ತೆಂಗು. ಹಿಂದೆ ರಾಷ್ಟ್ರೀಯ ಹೆದ್ದಾರಿ 17 ಎನ್ನುತ್ತಿದ್ದುದಕ್ಕೆ ಈಗ 66 ಎಂಬ ಸಂಖ್ಯೆ. ಪ್ರವಾಸಿಗರು ಇಲ್ಲಿ ಇಳಿಯುವುದು ಮುರ್ಡೇಶ್ವರಕ್ಕೆ, ಇಡಗುಂಜಿಗೆ, ಗೋಕರ್ಣಕ್ಕೆ. ಕೈ ಮುಗಿದು, ಕಡಲಲ್ಲಿ ಕಾಲು ನೆನೆಸಿ, ಮೀನೂಟವನ್ನೋ ಮಠದ ಊಟವನ್ನೋ ಮುಗಿಸಿ ಹೊರಡುತ್ತಾರೆ. ತಪ್ಪೇನಿಲ್ಲ. ಆದರೆ ಇದೇ ದಾರಿಯನ್ನು ಇನ್ನೊಂದು ಕುತೂಹಲ ಇಟ್ಟುಕೊಂಡೂ ಕ್ರಮಿಸಬಹುದು. ಇಲ್ಲಿ ಬಾಳಿದವರ ಮುಖಗಳು ಎಲ್ಲಿ ಉಳಿದಿವೆ, ಯಾರು ಅವನ್ನು ಬರೆದರು, ಉಳಿಯದಿದ್ದವರಿಗೆ ಈಗ ಮುಖ ಕೊಡುತ್ತಿರುವವರು ಯಾರು ಎಂಬ ಕುತೂಹಲ.

ಕಾರಣವಿದೆ. ಈ ಮೂರು ತಾಲ್ಲೂಕುಗಳನ್ನು ಒಟ್ಟಿಗೆ ಕಟ್ಟುವ ಹೆಸರು ಒಂದೇ: ರಾಣಿ ಚೆನ್ನಭೈರಾದೇವಿ. ಹಾಡುವಳ್ಳಿ ಭಟ್ಕಳ ತಾಲ್ಲೂಕಿನಲ್ಲಿದೆ, ಗೇರುಸೊಪ್ಪೆ ಹೊನ್ನಾವರ ತಾಲ್ಲೂಕಿನಲ್ಲಿ, ಮಿರ್ಜಾನ ಕೋಟೆ ಕುಮಟಾ ತಾಲ್ಲೂಕಿನಲ್ಲಿ. 1552ರಿಂದ 1606ರವರೆಗೆ, ಅಂದರೆ ಅರ್ಧ ಶತಮಾನಕ್ಕೂ ಮೀರಿ, ಈ ನೆಲದ ಮೆಣಸು ಆಕೆಯ ಕೈಯಲ್ಲಿತ್ತು. ಪೋರ್ಚುಗೀಸರು ಆಕೆಯನ್ನು ‘ಮೆಣಸಿನ ರಾಣಿ’ ಎಂದೇ ಕರೆದರು. ಹಾಗೆ ಕರೆಯುತ್ತಲೇ ಆಕೆಯೊಂದಿಗೆ ವ್ಯಾಪಾರವನ್ನೂ ಮಾಡಿದರು, ಯುದ್ಧವನ್ನೂ ಮಾಡಿದರು. 1569ರಲ್ಲಿ ಹೊನ್ನಾವರದ ಕೋಟೆ ಅವರ ವಶವಾಯಿತು. ಆಕೆ ಮಾತ್ರ ಇನ್ನೂ ಮೂವತ್ತೇಳು ವರ್ಷ ಆಳಿದಳು. ಕಡೆಗೆ ಕೆಡವಿದವರು ಹೊರಗಿನವರಲ್ಲ, ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕ.

ಇಷ್ಟೆಲ್ಲ ಆಳಿದವಳ ಮುಖ ಹೇಗಿತ್ತು? ಆಕೆಯ ಕಾಲದ್ದೆಂದು ಒಪ್ಪಿತವಾದ ಭಾವಚಿತ್ರ ಒಂದೂ ಇಲ್ಲ. ಇಂಗ್ಲೆಂಡಿನ ಮೊದಲ ಎಲಿಜಬೆತ್ ರಾಣಿ 1558ರಿಂದ 1603ರವರೆಗೆ ಆಳಿದಳು, ಹೆಚ್ಚು ಕಡಿಮೆ ಚೆನ್ನಭೈರಾದೇವಿಯ ಓರಗೆಯವಳು. ಆಕೆಯ ಭಾವಚಿತ್ರಗಳು ಕೋಣೆ ತುಂಬುವಷ್ಟಿವೆ; ಯಾವ ವರ್ಷ ಯಾವ ಮುತ್ತಿನ ಸರ ಹಾಕಿದ್ದಳೆಂಬುದೂ ಗೊತ್ತಾಗುತ್ತದೆ. ನಮ್ಮ ಕರಾವಳಿಯ ರಾಣಿಯ ಮೂಗು ನೇರವೋ ಮೊಂಡೋ ಗೊತ್ತಿಲ್ಲ.

ಹೆಸರು ಉಳಿದಿದೆ, ರೂಪವಿಲ್ಲ

ಭಟ್ಕಳದಿಂದಲೇ ಶುರುಮಾಡಬೇಕು. ಪೇಟೆಯ ಗದ್ದಲ ದಾಟಿ ಮೂಡಭಟ್ಕಳದ ಕಡೆ ಹೋದರೆ ಕೇತಪೈ ನಾರಾಯಣ ದೇವಾಲಯ ಸಿಗುತ್ತದೆ. ಹದಿನಾರನೆಯ ಶತಮಾನದ್ದು. ಕಟ್ಟಿಸಿದವನು ಕೇತಪೈ ಎಂಬ ಕೊಂಕಣಿ ವರ್ತಕ. ದೇವರ ಹೆಸರಿನ ಮುಂದೆ ವ್ಯಾಪಾರಿಯ ಹೆಸರು ಸೇರಿಕೊಂಡು, ನಾಲ್ಕೂವರೆ ಶತಮಾನದಿಂದ ಬಿಟ್ಟುಹೋಗಿಲ್ಲ. ಮಾಡಿನ ರಚನೆ ನೋಡುವಂಥದ್ದು: ಮಳೆಗಾಲದ ಸೋಗೆಮನೆಯ ಇಳಿಜಾರನ್ನೇ ಕಲ್ಲಿನ ಹಾಸುಗಳಲ್ಲಿ ಅನುಕರಿಸಿದ್ದಾರೆ. ಮರಗೆಲಸದವನ ಬುದ್ಧಿ, ಕಲ್ಲುಕುಟಿಗನ ಕೈ. ಗೋಡೆಯ ಪಟ್ಟಿಕೆಗಳಲ್ಲಿ ರಾಮಾಯಣದ ಕಥೆ ಸಾಗುತ್ತದೆ. ಚಿಕ್ಕ ಚಿಕ್ಕ ಮನುಷ್ಯರು. ಮೈಯ ಬಾಗು, ಕೈಯ ಬೀಸು ಎಲ್ಲ ಜೀವಂತ. ಆದರೆ ಮುಖಗಳನ್ನು ಹತ್ತಿರದಿಂದ ನೋಡಿದರೆ ರಾಜನಿಗೂ ಸೇವಕನಿಗೂ ಒಂದೇ ಅಚ್ಚು. ಯಾರು ಯಾರೆಂದು ತಿಳಿಯುವುದು ಕಿರೀಟದಿಂದ, ಬಿಲ್ಲಿನಿಂದ, ನಿಂತ ಜಾಗದಿಂದ. ಶಿಲ್ಪಿಗೆ ವ್ಯಕ್ತಿ ಬೇಕಾಗಿರಲಿಲ್ಲ, ಪಾತ್ರ ಬೇಕಾಗಿತ್ತು.

ಪೇಟೆಯಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯಿದೆ. ಅಲ್ಲಿಯೂ ಕಟ್ಟಿಸಿದವನ ಹೆಸರು ಕಟ್ಟಡಕ್ಕೆ ಅಂಟಿಕೊಂಡಿದೆ. ನವಾಯತರ ಮಸೀದಿಗಳಲ್ಲಿ ಮುಖದ ಪ್ರಶ್ನೆಯೇ ಇಲ್ಲ. ಅಲ್ಲಿ ಅಕ್ಷರಕ್ಕೆ ಗೌರವ, ಬಳ್ಳಿಗೆ ಗೌರವ. ಇನ್ನು ಇದೇ ಊರಿನಲ್ಲಿ 1637-38ರ ಸುಮಾರಿನ ಇಂಗ್ಲಿಷ್ ಗೋರಿಗಳಿವೆ. ಈಸ್ಟ್ ಇಂಡಿಯಾ ಕಂಪೆನಿಗೆ ಪೈಪೋಟಿಯಾಗಿ ಹೊರಟ ಕೋರ್ಟೀನ್ ಕಂಪೆನಿಯ ಜನ ಇಕ್ಕೇರಿಯ ವೀರಭದ್ರ ನಾಯಕನ ಅಪ್ಪಣೆ ಪಡೆದು ಇಲ್ಲಿ ಮಳಿಗೆ ತೆರೆದಿದ್ದರು. ಮೆಣಸು ಕೊಳ್ಳಲು ಬಂದವರನ್ನು ಜ್ವರ ಕೊಂಡೊಯ್ದಿರಬೇಕು. ಹೆಸರು, ಕಸುಬು, ಸತ್ತ ದಿನ, ಅಷ್ಟೇ ಕಲ್ಲಿನ ಮೇಲೆ. ಅದೇ ಹಡಗಿನ ತಂಡದಲ್ಲಿದ್ದ ಪೀಟರ್ ಮಂಡಿ ಎಂಬ ಪ್ರವಾಸಿಗೆ ದಿನಚರಿಯ ಜೊತೆ ಚಿತ್ರ ಗೀಚುವ ಹುಚ್ಚು. ಅವನು ಭಟ್ಕಳಕ್ಕೂ ಬಂದ, ಘಟ್ಟ ಹತ್ತಿ ಇಕ್ಕೇರಿಯ ಆಸ್ಥಾನಕ್ಕೂ ಹೋದ. ಮೂವತ್ತೈದು ನಲವತ್ತು ವರ್ಷ ಮೊದಲೇ ಬಂದಿದ್ದರೆ ರಾಣಿಯ ಒಂದು ಗೀಚುಚಿತ್ರವಾದರೂ ಉಳಿಯುತ್ತಿತ್ತೇನೋ ಎಂಬ ಆಸೆ ಯಾರಿಗಾದರೂ ಬಂದೀತು.

ಭಟ್ಕಳದಿಂದ ಒಳನಾಡಿಗೆ ಹದಿನೈದು ಇಪ್ಪತ್ತು ಕಿಲೋಮೀಟರು ಹೋದರೆ ಹಾಡುವಳ್ಳಿ. ಶಾಸನಗಳ ಸಂಗೀತಪುರ. ಒಂದು ಕಾಲದ ರಾಜಧಾನಿ ಈಗ ಗುಡ್ಡ, ತೋಟ, ಬಸದಿಗಳಿರುವ ಹಳ್ಳಿ. ಇಲ್ಲಿ ನಿಂತಾಗ ರಾಣಿಗೆ ಭಾವಚಿತ್ರವಿಲ್ಲದ್ದು ಅಷ್ಟೇನೂ ಆಶ್ಚರ್ಯವಲ್ಲ ಎನಿಸತೊಡಗುತ್ತದೆ. ಆಕೆ ಜೈನಳು. ಜೈನ ಶಿಲ್ಪದಲ್ಲಿ ತೀರ್ಥಂಕರರ ಮುಖಗಳೆಲ್ಲ ಒಂದೇ. ಇಪ್ಪತ್ನಾಲ್ಕು ಮಂದಿಯನ್ನು ಸಾಲಾಗಿ ನಿಲ್ಲಿಸಿದರೂ ಮುಖ ನೋಡಿ ಗುರುತಿಸುವಂತಿಲ್ಲ. ಪೀಠದ ಮೇಲಿನ ಲಾಂಛನ ನೋಡಬೇಕು. ವೃಷಭವಿದ್ದರೆ ಆದಿನಾಥ, ಚಂದ್ರನಿದ್ದರೆ ಚಂದ್ರಪ್ರಭ, ಸಿಂಹವಿದ್ದರೆ ಮಹಾವೀರ. ತನ್ನತನವನ್ನು ಕಳಚಿಕೊಂಡವನಿಗೆ ತನ್ನದೆನ್ನುವ ಮೂಗು, ತುಟಿ ಏಕೆ ಎಂಬ ತರ್ಕ. ಅಂಥ ಪರಂಪರೆಯಲ್ಲಿ ಬೆಳೆದ ಅರಸಿ ತನ್ನ ಮುಖವನ್ನು ಬರೆಸಿ ಗೋಡೆಗೆ ತೂಗುಹಾಕದೇ ಇದ್ದುದರಲ್ಲಿ ವಿಚಿತ್ರವೇನೂ ಇಲ್ಲ.

ಕಡಲಿನಿಂದ ಕಾಣುವ ಮುಖ

ಹೆದ್ದಾರಿಗೆ ಮರಳಿ ಉತ್ತರಕ್ಕೆ ಹೊರಟರೆ ಶಿರಾಲಿ. ಚಿತ್ರಾಪುರ ಮಠ ಇಲ್ಲಿಯದು. ಗುರುಪರಂಪರೆ 1708ರಿಂದ ಆರಂಭ. ಈಗಿನ ಸದ್ಯೋಜಾತ ಶಂಕರಾಶ್ರಮ ಸ್ವಾಮೀಜಿ ಹನ್ನೊಂದನೆಯವರು, 1997ರಲ್ಲಿ ಪೀಠಕ್ಕೆ ಬಂದವರು. ಇಂಥ ಯಾವುದೇ ಮಠದ ಗುರುಪರಂಪರೆಯ ಚಿತ್ರಗಳನ್ನು ಸಾಲಾಗಿ ನೋಡುವಾಗ ಗಮನಿಸಬೇಕಾದ್ದು ಒಂದಿದೆ. ಕ್ಯಾಮರಾ ಬರುವ ಮುಂಚಿನವರ ಮುಖಗಳು ಚಿತ್ರಕಾರನ ಊಹೆಯವು, ಭಕ್ತಿಯವು. ಆಮೇಲಿನವರದು ಫೋಟೋ ನೋಡಿ ಬರೆದವು. ಸಾಲಿನ ನಡುವೆ ಎಲ್ಲೋ ಒಂದು ಕಡೆ ಮುಖಗಳು ಇದ್ದಕ್ಕಿದ್ದಂತೆ ‘ಯಾರೋ ಒಬ್ಬರ’ ಮುಖವಾಗುತ್ತವೆ. ಕೆನ್ನೆಯ ಮೇಲೆ ಗುಳಿ ಬರುತ್ತದೆ, ಕಣ್ಣಿನ ಕೆಳಗೆ ಆಯಾಸ ಬರುತ್ತದೆ. ಫೋಟೋಗ್ರಫಿ ನಮ್ಮ ಮನೆಗಳಿಗೆ ಬಂದ ಕ್ಷಣ ಅದು.

ಭಟ್ಕಳ, ಕುಮಟಾ, ಹೊನ್ನಾವರ, ಮಾವಿನಕುರ್ವೆ, ಹಳದೀಪುರ, ಗೋಕರ್ಣ: ಇವು ಬರೀ ಊರಿನ ಹೆಸರುಗಳಲ್ಲ, ಮುಂಬಯಿಯ ಟೆಲಿಫೋನ್ ಡೈರೆಕ್ಟರಿಯಲ್ಲಿ ಅಡ್ಡಹೆಸರುಗಳೂ ಹೌದು. ಹಡಗು ಹತ್ತಿ ಮುಂಬಯಿಗೆ ಹೋದ ಕುಟುಂಬಗಳು ಊರನ್ನು ಹೆಸರಿನಲ್ಲಿ ಕಟ್ಟಿಕೊಂಡು ಹೋದವು. ಕರಾವಳಿಯ ಚಿತ್ರಕಾರನ ಕಥೆಯೂ ಬಹುಪಾಲು ಮುಂಬಯಿಯದೇ ಕಥೆ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ (1911-1996) ಹೋದದ್ದು ಅಲ್ಲಿಗೇ, ಜೆ.ಜೆ. ಕಲಾಶಾಲೆಗೆ. ಅದರ ಮಾತು ಮುಂದೆ.

ಮುರ್ಡೇಶ್ವರ ಬಂತು. 123 ಅಡಿಯ ಶಿವ. ಊರಿನವರೇ ಆದ ಉದ್ಯಮಿ ಆರ್.ಎನ್. ಶೆಟ್ಟಿ ಕಟ್ಟಿಸಿದ್ದು, ಶಿವಮೊಗ್ಗದ ಶಿಲ್ಪಿ ಕಾಶೀನಾಥ್ ಮತ್ತು ಅವರ ಸಂಗಡಿಗರು ಮಾಡಿದ್ದು. ಪಕ್ಕದ ರಾಜಗೋಪುರಕ್ಕೆ ಲಿಫ್ಟ್ ಇದೆ. ಮೇಲೆ ಹೋದರೆ ದೇವರ ಮುಖದ ಎತ್ತರದಿಂದ ದೇವರನ್ನೂ ಕಡಲನ್ನೂ ನೋಡಬಹುದು. ಮೀನು ಹಿಡಿಯಲು ಹೋದವರಿಗೆ ಈಗ ದಡದ ಗುರುತೇ ಆ ಮುಖ. ಕಲೆಯ ದೃಷ್ಟಿಯಿಂದ ಅದು ಕ್ಯಾಲೆಂಡರಿನಿಂದ ಇಳಿದುಬಂದ ಮುಖ ಎಂದು ಮೂಗು ಮುರಿಯುವವರಿದ್ದಾರೆ. ಇರಬಹುದು. ಆದರೆ ಅಷ್ಟು ದೊಡ್ಡ ಮುಖವನ್ನು ಕೆಳಗಿನಿಂದ ನೋಡುವವನಿಗೆ ಅಂದಗೆಡದಂತೆ ನಿಲ್ಲಿಸುವ ಲೆಕ್ಕ ಸುಲಭದ್ದಲ್ಲ. ಕಣ್ಣ ಮಟ್ಟದಲ್ಲಿ ಸರಿಯಾಗಿರುವ ಹಣೆ ನೂರು ಅಡಿ ಮೇಲೇರಿದರೆ ಮಾಯವಾಗುತ್ತದೆ, ಗಲ್ಲವೇ ಮುಂದಾಗುತ್ತದೆ. ಅದನ್ನು ಮೊದಲೇ ಎಣಿಸಿ ಮುಖದ ಅಳತೆ ತಿದ್ದಬೇಕಾಗುತ್ತದೆ.

ಇಡಗುಂಜಿಯ ಉಳಿ, ಕಾರ್ಕಳದ ಕುಂಚ

ಹೆದ್ದಾರಿಯಿಂದ ಬಲಕ್ಕೆ ತಿರುಗಿದರೆ ಇಡಗುಂಜಿ. ಎರಡೇ ಕೈಗಳ, ನಿಂತ ಗಣಪ. ಗೋಕರ್ಣದ ಮಹಾಗಣಪತಿಯೂ ಹೀಗೆಯೇ. ಮಗುವಿನಂಥ ಆ ಗಿಡ್ಡ ನಿಲುವನ್ನು ನೋಡುತ್ತ ಬೆಳೆದ ಊರಿನ ಒಬ್ಬ ಶಿಲ್ಪಿಯ ಹೆಸರು 2024ರ ಜನವರಿಯಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು: ಗಣೇಶ ಎಲ್. ಭಟ್. ಅಯೋಧ್ಯೆಯ ಮಂದಿರಕ್ಕೆ ಐದು ವರ್ಷದ ಬಾಲರಾಮನ ಮೂರ್ತಿಯನ್ನು ಕಡೆಯಲು ಆಯ್ಕೆಯಾದ ಮೂವರಲ್ಲಿ ಇವರೊಬ್ಬರು. ಇನ್ನಿಬ್ಬರು ಮೈಸೂರಿನ ಅರುಣ್ ಯೋಗಿರಾಜ್, ರಾಜಸ್ಥಾನದ ಸತ್ಯನಾರಾಯಣ ಪಾಂಡೆ. ಜನವರಿ 22ರಂದು ಪ್ರತಿಷ್ಠೆಯಾದದ್ದು ಅರುಣ್ ಅವರ ಮೂರ್ತಿ. ಭಟ್ಟರ ಮೂರ್ತಿ ಗರ್ಭಗುಡಿಗೆ ಹೋಗಲಿಲ್ಲ. ಮೂವರೂ ಬೇರೆ ಬೇರೆ ಕಲ್ಲಿನಲ್ಲಿ, ಬೇರೆ ಬೇರೆ ಶೆಡ್ಡುಗಳಲ್ಲಿ ತಿಂಗಳುಗಟ್ಟಲೆ ದುಡಿದರು. ಮೂವರ ಮುಂದೆಯೂ ಇದ್ದದ್ದು ಮಾತ್ರ ಒಂದೇ ರೇಖಾಚಿತ್ರ. ಒಂದೇ ಚಿತ್ರದಿಂದ ಮೂರು ಮುಖ ಹುಟ್ಟಿತು ಎನ್ನುವುದೇ ಈ ಕಥೆಯ ಸ್ವಾರಸ್ಯ, ಗೆದ್ದವರಾರು ಎನ್ನುವುದಲ್ಲ.

ಆ ರೇಖಾಚಿತ್ರ ಬರೆದವರು ವಾಸುದೇವ ಕಾಮತ್. ಇವತ್ತಿನ ಭಾರತದಲ್ಲಿ ಭಾವಚಿತ್ರ ಎಂದರೆ ಮೊದಲು ನೆನಪಾಗುವ ಹೆಸರುಗಳಲ್ಲಿ ಅದೊಂದು. ಹುಟ್ಟಿದ್ದು 1956ರಲ್ಲಿ ಕಾರ್ಕಳದಲ್ಲಿ. ಬೆಳೆದದ್ದು, ಕಲಿತದ್ದು, ನೆಲೆಸಿದ್ದು ಮುಂಬಯಿಯಲ್ಲಿ. 1977ರಲ್ಲಿ ಜೆ.ಜೆ. ಕಲಾಶಾಲೆಯಿಂದ ಡಿಪ್ಲೊಮಾ. ಹೆಬ್ಬಾರರೂ ಅದೇ ಶಾಲೆಯವರು, ಆದರೆ ಅವರು ಮುಂದೆ ನೃತ್ಯದಂಥ ರೇಖೆಯ ಕಡೆ, ತಮ್ಮದೇ ಬಣ್ಣದ ಕಡೆ ಹೊರಟುಹೋದರು. ಕಾಮತರು ಎದುರಿಗೆ ಕುಳಿತವನ ಮುಖವನ್ನು ಬಿಡಲಿಲ್ಲ. ಅವರು ಕಲಿತು ಹೊರಬಂದ ಕಾಲಕ್ಕೆ ಹೊಸ ಕಲಾವಿದರಿಗೆ ಭಾವಚಿತ್ರ ಎಂದರೆ ಸಂಕೋಚದ ವಿಷಯ. ಅದು ಹಳೆಯ ರಾಜರ ಕಾಲದ್ದು, ಸಭಾಭವನದ ಅಧ್ಯಕ್ಷರ ಗೋಡೆಗೆ ಬೇಕಾದದ್ದು, ಕಲೆಯಲ್ಲ ಕಸುಬು ಎಂಬ ತಾತ್ಸಾರ. ಅಮೂರ್ತ ಕಲೆಗೆ ಗ್ಯಾಲರಿಯ ಬಾಗಿಲು ತೆರೆದಿತ್ತು. ಅಂಥಲ್ಲಿ ಮೂವತ್ತು ವರ್ಷ ಮುಖಗಳನ್ನೇ ಬರೆಯುತ್ತ ಕುಳಿತವನಿಗೆ ಮಾನ್ಯತೆ ಬಂದದ್ದೂ ದೂರದಿಂದಲೇ. 2006ರಲ್ಲಿ ಅಮೆರಿಕದ ಪೋರ್ಟ್ರೇಟ್ ಸೊಸೈಟಿ ತನ್ನ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಅವರಿಗೆ ಡ್ರೇಪರ್ ಗ್ರ್ಯಾಂಡ್ ಪ್ರೈಜ್ ಕೊಟ್ಟಿತು. ಬಹುಮಾನ ಪಡೆದ ಚಿತ್ರದಲ್ಲಿ ರಾಜರಿಲ್ಲ, ಮಂತ್ರಿಗಳಿಲ್ಲ. ಅದರ ಹೆಸರು ‘ನನ್ನ ಹೆಂಡತಿ’. 2025ರಲ್ಲಿ ಪದ್ಮಶ್ರೀ ಬಂತು, ಮಹಾರಾಷ್ಟ್ರದ ಲೆಕ್ಕದಲ್ಲಿ. ಕಾರ್ಕಳದವರು ನಮ್ಮವರೆಂದೇ ಎಣಿಸಿಕೊಂಡರೆ ಯಾರೂ ತಕರಾರು ಮಾಡಲಾರರು.

ಜೀವಂತ ಮನುಷ್ಯನನ್ನು ಎದುರು ಕೂರಿಸಿಕೊಂಡು ಬರೆಯುವ ಕೆಲಸ ನೋಡಲು ಸಿಕ್ಕರೆ ಬಿಡಬಾರದು. ಕಾಮತರು ಸಭಿಕರೆದುರಿಗೇ ಇಂಥ ಪ್ರಾತ್ಯಕ್ಷಿಕೆ ಕೊಡುವವರು. ಇಂಥ ಕಡೆ ಮೊದಲ ಹತ್ತು ನಿಮಿಷ ಕುಳಿತವನ ಮುಖದಲ್ಲಿರುವುದು ಫೋಟೋಗೆ ಕೊಡುವ ಮುಖ. ಎದೆ ಮುಂದೆ, ತುಟಿ ಬಿಗಿ. ಚಿತ್ರಕಾರ ಆಗ ಮುಖವನ್ನು ಬರೆಯುವುದೇ ಇಲ್ಲ. ಬೆಳಕು ಎಲ್ಲಿಂದ ಬರುತ್ತಿದೆ, ನೆರಳು ಎಲ್ಲಿ ಒಟ್ಟುಗೂಡಿದೆ, ತಲೆ ಎಷ್ಟು ವಾಲಿದೆ ಎಂಬ ದೊಡ್ಡ ಲೆಕ್ಕಗಳನ್ನು ಇದ್ದಲಿನಲ್ಲೋ ತೆಳು ಬಣ್ಣದಲ್ಲೋ ಹಾಕುತ್ತಿರುತ್ತಾನೆ. ಅರ್ಧ ಗಂಟೆಯಾದ ಮೇಲೆ ಕುಳಿತವನಿಗೆ ಬೇಸರ ಬರುತ್ತದೆ, ಭುಜ ಇಳಿಯುತ್ತದೆ, ಮನೆಯ ಯಾವುದೋ ಚಿಂತೆ ಹಣೆಯ ಮೇಲೆ ಬಂದು ಕೂರುತ್ತದೆ. ಆಗ ಕುಂಚ ಚುರುಕಾಗುತ್ತದೆ. ಕ್ಯಾಮರಾ ಸೆಕೆಂಡಿನ ನೂರರಲ್ಲೊಂದು ಭಾಗವನ್ನು ಹಿಡಿಯುತ್ತದೆ. ಕ್ಯಾನ್‌ವಾಸು ಎರಡು ಮೂರು ಗಂಟೆಯ ಮುಖವನ್ನು ಒಟ್ಟು ಹಾಕುತ್ತದೆ. ಹಾಗಾಗಿಯೇ ಒಳ್ಳೆಯ ಭಾವಚಿತ್ರವನ್ನು ಫೋಟೋದ ಪಕ್ಕದಲ್ಲಿಟ್ಟರೆ ಚಿತ್ರವೇ ಹೆಚ್ಚು ಹೋಲುತ್ತದೆ ಎಂದು ಮನೆಯವರು ಹೇಳುವುದುಂಟು.

ಇದು ಎದುರಿಗೆ ಕುಳಿತವರ ಮಾತಾಯಿತು. ಯಾರೂ ಕಾಣದ ಮುಖವನ್ನು ಬರೆಯುವಾಗ? ಬಾಲರಾಮನ ರೇಖಾಚಿತ್ರದಲ್ಲಿ ಭಾವಚಿತ್ರಕಾರನಿಗೆ ಎದುರು ಕುರ್ಚಿ ಖಾಲಿ. ಐದು ವರ್ಷದ ಮಗು ಎಂಬ ಒಂದು ಅಳತೆ ಮಾತ್ರ ಕೈಯಲ್ಲಿ. ಐದು ವರ್ಷದ ಮಗುವಿಗೆ ತಲೆ ಮೈಗಿಂತ ದೊಡ್ಡದಾಗಿ ಕಾಣುತ್ತದೆ, ಕೆನ್ನೆ ತುಂಬಿರುತ್ತದೆ, ಮೂಗಿನ ದಿಂಡು ಇನ್ನೂ ಎದ್ದಿರುವುದಿಲ್ಲ. ಇತ್ತ ಶಾಸ್ತ್ರ ಕೇಳುವುದು ದೇವರ ಗಾಂಭೀರ್ಯವನ್ನು. ಎರಡರ ನಡುವೆ ರೇಖೆ ಹಾಯಬೇಕು. ಆ ಸಂಧಿಯನ್ನು ಕಂಡುಕೊಂಡವನು ಬಾಳೆಲ್ಲ ಬದುಕಿರುವವರ ಮುಖ ಬರೆದವನು ಎನ್ನುವುದು ಗಮನಿಸಬೇಕಾದ ಸಂಗತಿ. ಕಾರ್ಕಳದ ಬೆಟ್ಟದ ಮೇಲೆ 1432ರ ನಲವತ್ತೆರಡು ಅಡಿಯ ಗೊಮ್ಮಟ ನಿಂತಿದ್ದಾನೆ. ಯಾರದೂ ಅಲ್ಲದ, ಎಲ್ಲರದೂ ಆದ ಮುಖ ಅದು. ಅದರ ನೆರಳಿನ ಊರಿನಲ್ಲಿ ಹುಟ್ಟಿದವನಿಗೆ ಎರಡು ಬಗೆಯ ಮುಖಗಳ ವ್ಯತ್ಯಾಸ ಗೊತ್ತಿಲ್ಲದೆ ಇದ್ದೀತೇ?

ಬಣ್ಣದ ಚೌಕಿ, ಆಟೋದ ಬೆನ್ನು

ಇಡಗುಂಜಿಯ ಹೆಸರಿನ ಮೇಳ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರಿಂದ ಆರಂಭವಾಯಿತು. ಗುಣವಂತೆ ಅದರ ನೆಲೆ. ಮುಖ ಬರೆಯುವ ಕಲೆಯ ಮಾತಾಡುತ್ತ ಹೊನ್ನಾವರ ತಾಲ್ಲೂಕನ್ನು ದಾಟುವಾಗ ಯಕ್ಷಗಾನದ ಚೌಕಿಯನ್ನು ಬಿಡಲಾಗದು. ಇಲ್ಲಿ ಚಿತ್ರಕಾರನೂ ಅವನೇ, ಕ್ಯಾನ್‌ವಾಸೂ ಅವನೇ. ಕೈಗನ್ನಡಿಯ ಮುಂದೆ ಚಕ್ಕಳಮಕ್ಕಳ ಕುಳಿತು, ಅರದಾಳ, ಇಂಗಳೀಕ, ಕಾಡಿಗೆಯಿಂದ ತನ್ನ ಮುಖವನ್ನು ತಾನೇ ಅಳಿಸಿ ಇನ್ನೊಬ್ಬನ ಮುಖ ಬರೆದುಕೊಳ್ಳುತ್ತಾನೆ. ಬೆಳಗಾಗುವಾಗ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಚಿತ್ರ ಹೋಯಿತು. ಚಿಟ್ಟಾಣಿ ರಾಮಚಂದ್ರ ಹೆಗಡೆ (1933-2017) ಭಸ್ಮಾಸುರನಾಗಿ ಬಂದದ್ದನ್ನು ಕಂಡವರಿಗೆ ನೆನಪಿರುವುದು ಚಿಟ್ಟಾಣಿಯವರ ಮುಖವೋ ಭಸ್ಮಾಸುರನದೋ? ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲೇ ವೇಷ ಕಟ್ಟಿ ಕುಣಿದು, ಅದೇ ರಾತ್ರಿಯ ಬೆನ್ನಿಗೆ ತೀರಿಕೊಂಡರು. ಕೊನೆಯ ಬಾರಿ ಜನ ಕಂಡದ್ದು ಬಣ್ಣ ಹಚ್ಚಿದ ಮುಖವನ್ನು.

ಹೊನ್ನಾವರ ತಾಲ್ಲೂಕಿನ ಮಲ್ಲಾಪುರದಲ್ಲಿ 1954ರಲ್ಲಿ ಹುಟ್ಟಿದ ಇನ್ನೊಬ್ಬನ ಮುಖ ಮಾತ್ರ ಕರ್ನಾಟಕದ ಬೀದಿ ಬೀದಿಗಳಲ್ಲಿ ಇವತ್ತಿಗೂ ಓಡಾಡುತ್ತಿದೆ. ಶಂಕರ್ ನಾಗ್. 1980ರ ‘ಆಟೋರಾಜ’ದ ನಂತರ ಆಟೋಚಾಲಕರು ಅವರನ್ನು ತಮ್ಮವರನ್ನಾಗಿ ಮಾಡಿಕೊಂಡರು, 1990ರಲ್ಲಿ ಆನಗೋಡಿನ ಬಳಿಯ ಅಪಘಾತ ಅವರನ್ನು ಕೊಂಡೊಯ್ದ ಮೇಲೆಯೂ ಬಿಟ್ಟುಕೊಡಲಿಲ್ಲ. ಈ ಮೂರು ತಾಲ್ಲೂಕುಗಳಲ್ಲಿ ಹುಟ್ಟಿದ ಯಾರ ಮುಖವನ್ನೂ ಇಷ್ಟು ಕೈಗಳು ಬರೆದಿಲ್ಲ. ಆಟೋದ ಹಿಂಬದಿ ಬರೆಯುತ್ತಿದ್ದ ಪೇಂಟರ್‌ಗಳಿಗೆ ಎದುರಿದ್ದದ್ದು ಒಂದೆರಡು ಸ್ಟಿಲ್ ಫೋಟೋ. ಗಡ್ಡ, ಕೂದಲಿನ ಅಲೆ, ಅರೆನಗು: ಮೂರು ಗುರುತು ಹಿಡಿದರೆ ಸಾಕು, ಮುಖ ಬಂತು. ತೀರ್ಥಂಕರರ ಲಾಂಛನಗಳಿದ್ದಂತೆ! ಆಮೇಲೆ ಸ್ಟಿಕ್ಕರ್ ಬಂತು, ಕುಂಚದ ಪೇಂಟರನಿಗೆ ಕೆಲಸ ಕಡಿಮೆಯಾಯಿತು. ಅಂಗಡಿಯ ಬೋರ್ಡನ್ನೂ ಜಾತ್ರೆಯ ಬ್ಯಾನರನ್ನೂ ಫ್ಲೆಕ್ಸ್ ಯಂತ್ರ ಕಸಿದುಕೊಂಡಿತು. ಊರೂರಿನ ಚಿಕ್ಕ ಭಾವಚಿತ್ರಕಾರ, ಅಂದರೆ ಶಾಲೆಗೆ ಗಾಂಧೀಜಿಯನ್ನು, ಬ್ಯಾಂಕಿಗೆ ಸಂಸ್ಥಾಪಕರನ್ನು, ಮನೆಗೆ ತೀರಿಹೋದ ಅಜ್ಜನನ್ನು ಬರೆದುಕೊಡುತ್ತಿದ್ದವನು, ಹೀಗೆ ಸದ್ದಿಲ್ಲದೆ ಮರೆಯಾದ. ಕಾಮತರಂಥವರು ಉಳಿದದ್ದು ಮುಂಬಯಿಯಲ್ಲಿದ್ದರೆಂದು; ಕರಾವಳಿಯ ಸಣ್ಣ ಪೇಟೆಯಲ್ಲಿದ್ದಿದ್ದರೆ ಆ ಕೈಗೂ ನಂಬರ್ ಪ್ಲೇಟ್ ಬರೆಯುವುದೇ ಗತಿಯಾಗುತ್ತಿತ್ತು.

ಹೊನ್ನಾವರ ಪೇಟೆಯಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತ್ (1934-2002) ವಿಜ್ಞಾನಿ, ಬರಹಗಾರ, ಛಾಯಾಗ್ರಾಹಕ. ಕರಾವಳಿಯ ಕಾವಿ ಕಲೆ ಎಂಬುದೊಂದಿದೆ ಎಂದು ಹಲವರಿಗೆ ತಿಳಿದದ್ದೇ ಅವರ ದುಡಿಮೆಯಿಂದ. ಚಿಪ್ಪಿನ ಸುಣ್ಣ, ಮರಳು, ಬೆಲ್ಲ ಸೇರಿಸಿ ಕೊಳೆಸಿ ಕುಟ್ಟಿದ ಗಾರೆಯನ್ನು ಗೋಡೆಗೆ ಮೆತ್ತಿ, ಅದರ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿಯಿರುವಾಗಲೇ ಮೊಳೆಯಂಥ ಉಪಕರಣದಿಂದ ಕೆರೆದರೆ ಕೆಳಗಿನ ಬಿಳಿ ಹೊರಬರುತ್ತದೆ. ಕೆಂಪು, ಬಿಳಿ, ಅಷ್ಟೇ ಬಣ್ಣ. ಎಣ್ಣೆಬಣ್ಣದವನು ನಾಳೆ ಬಂದು ತಿದ್ದಬಹುದು. ಇಲ್ಲಿ ಗಾರೆ ಒಣಗುವುದರೊಳಗೆ ಮುಗಿಯಬೇಕು, ತಪ್ಪಿದರೆ ತಪ್ಪಿದಂತೆಯೇ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಎಲ್ಲವನ್ನೂ ತಡೆದುಕೊಂಡ ಈ ಚಿತ್ರಗಳು ಸೋತದ್ದು ಜೀರ್ಣೋದ್ಧಾರಕ್ಕೆ. ಹಳೆ ಗುಡಿ ಕೆಡವಿ ಕಾಂಕ್ರೀಟು, ಟೈಲ್ಸು ಹಾಕಿಸಿದ ಕಡೆಯೆಲ್ಲ ಗೋಡೆಯ ಜೊತೆಗೆ ಮುಖಗಳೂ ಹೋದವು. ಭಕ್ತಿ ಕಡಿಮೆಯಾಗಿ ಆದದ್ದಲ್ಲ, ದುಡ್ಡು ಹೆಚ್ಚಾಗಿ ಆದದ್ದು.

ಮಾತಿನಲ್ಲಿ ಬರೆದ ಮುಖಗಳು

ಹೊನ್ನಾವರಕ್ಕೆ ಬಂದ ಪರದೇಶಿಗಳು ಕುಂಚ ತರಲಿಲ್ಲ, ಲೇಖನಿ ತಂದರು. ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಬಂದ ಇಬ್ನ್ ಬತೂತಾ ಇಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆನೆಂದು ಬರೆದ. ಹೆಂಗಸರ ಹೊಲಿಯದ ಸೀರೆಯನ್ನೂ ಮೂಗಿನ ಬಂಗಾರದ ನತ್ತನ್ನೂ ವರ್ಣಿಸಿದ. ಆದರೆ ಒಬ್ಬಳ ಹೆಸರೂ ಹೇಳಲಿಲ್ಲ.

1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ದೋಣಿಯಲ್ಲಿ ಶರಾವತಿಯ ಮೇಲ್ಮುಖವಾಗಿ ಹೊರಟು ಗೇರುಸೊಪ್ಪೆ ತಲುಪಿದ. ರಾಣಿ ಹೋಗಿ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಅಷ್ಟರಲ್ಲೇ ಅರಮನೆಯ ಜಾಗದಲ್ಲಿ ಮರಗಳೆದ್ದಿದ್ದವು. ಅಲ್ಲಿ ಕೇಳಿದ ಒಂದು ಕಥೆಯನ್ನು ಆತ ಬರೆದಿಟ್ಟ: ರಾಣಿ ಯಾರೋ ಕೀಳು ಪರಕೀಯನಿಗೆ ಮನಸೋತು ಅಧಿಕಾರ ಬಿಟ್ಟುಕೊಟ್ಟಳು, ಅವನು ದ್ರೋಹ ಬಗೆದ, ಅವಳು ವೆಂಕಟಪ್ಪನ ನೆರವು ಕೇಳಿದಳು, ಅವನು ರಾಜ್ಯವನ್ನೇ ನುಂಗಿದ ಎಂದು. ಗೆದ್ದವರ ನಾಡಿನಲ್ಲಿ, ಗೆದ್ದವರ ಆಸ್ಥಾನಕ್ಕೆ ಹೊರಟ ರಾಯಭಾರಿಗಳ ಜೊತೆಯಲ್ಲಿದ್ದವನಿಗೆ ಸಿಕ್ಕ ಕಥೆ ಇನ್ನು ಹೇಗಿದ್ದೀತು? ಐವತ್ತು ವರ್ಷ ಮೆಣಸಿನ ವ್ಯಾಪಾರವನ್ನು ಬೆರಳ ತುದಿಯಲ್ಲಿ ಕುಣಿಸಿದವಳನ್ನು ಒಬ್ಬ ಗಂಡಸಿನ ಮೋಹಕ್ಕೆ ಬಿದ್ದು ಕೆಟ್ಟವಳೆಂದು ತೋರಿಸುವುದು ಹಳೆಯ ತಂತ್ರ. ಆಕೆಯ ಮೊದಲ ಭಾವಚಿತ್ರ ಅದೇ ಎನ್ನಬೇಕು, ಮಸಿಯಲ್ಲಿ ಬರೆದದ್ದು. ಹೋಲಿಕೆಯ ಬಗ್ಗೆ ಅನುಮಾನವಿರಲಿ.

ಈಗ ಹೊನ್ನಾವರದಿಂದ ಸುಮಾರು ಮೂವತ್ತು ಕಿಲೋಮೀಟರು ರಸ್ತೆಯಲ್ಲೇ ಗೇರುಸೊಪ್ಪೆಗೆ ಹೋಗಬಹುದು. ನದಿಯಾಚೆ ಕಾಡಿನ ನಡುವೆ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವ ಬಾಗಿಲಿನಲ್ಲಿ ನಿಂತರೂ ಎದುರಿಗೆ ಜಿನನ ಮುಖ. ನಾಲ್ಕೂ ಕಡೆ ಅದೇ ಅರೆಮುಚ್ಚಿದ ಕಣ್ಣು, ಅದೇ ತುಟಿ. ಬೆಳಗಿನ ಬಿಸಿಲು ಪೂರ್ವದ ಮುಖಕ್ಕೆ ಬೀಳುವಾಗ ಪಶ್ಚಿಮದ ಮುಖ ಕತ್ತಲಲ್ಲಿ. ಸಂಜೆ ಅದು ತಿರುವುಮುರುವು. ಬೆಳಕು ಬದಲಾದಾಗ ಮಾತ್ರ ಮುಖಗಳು ಬೇರೆ ಬೇರೆಯಾಗುತ್ತವೆ. ಜಿಗಣೆ ಇರುತ್ತದೆ, ಮಳೆಗಾಲದಲ್ಲಿ ಹೋಗುವವರು ಸುಣ್ಣವನ್ನೋ ಉಪ್ಪನ್ನೋ ಇಟ್ಟುಕೊಳ್ಳುವುದು ಒಳ್ಳೆಯದು.

ಮುಖವಿಲ್ಲದ ರಾಣಿಗೆ ಈಚಿನ ವರ್ಷಗಳಲ್ಲಿ ಮುಖ ಬಂದಿದೆ. ಗಜಾನನ ಶರ್ಮರ ಕಾದಂಬರಿ ಆಕೆಯನ್ನು ಮನೆಮನೆಗೆ ತಂದಿತು. ನಾಟಕಗಳಾದವು, ನೃತ್ಯರೂಪಕಗಳಾದವು. 2025ರಲ್ಲಿ ಅಂಚೆ ಇಲಾಖೆ ಆಕೆಯ ಹೆಸರಿನಲ್ಲಿ ಅಂಚೆಚೀಟಿ ತಂದಿತು. ರಾಷ್ಟ್ರಪತಿ ದ್ರೌಪದಿ ಮುರ್ಮು ದೆಹಲಿಯಲ್ಲಿ ಬಿಡುಗಡೆ ಮಾಡಿದರು. ಒಳ್ಳೆಯದೇ ಆಯಿತು. ಆದರೆ ಆಕೆಯ ಹೆಸರಿನಲ್ಲಿ ಬರುತ್ತಿರುವ ಚಿತ್ರಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಸಣ್ಣ ಅಸಮಾಧಾನವೊಂದು ಉಳಿಯುತ್ತದೆ. ಕತ್ತಿ, ಕಿರೀಟ, ಹರೆಯ. ಕಿತ್ತೂರಿನ ರಾಣಿಗೋ ಝಾನ್ಸಿಯ ರಾಣಿಗೋ ಬರೆದ ಮುಖವನ್ನೇ ಸ್ವಲ್ಪ ತಿದ್ದಿದಂತೆ ಕಾಣುತ್ತದೆ ಹಲವು. ಐವತ್ತನಾಲ್ಕು ವರ್ಷ ಆಳಿದವಳು ಕೊನೆಗೆ ಮುದುಕಿಯಾಗಿಯೇ ಇದ್ದಿರಬೇಕಲ್ಲ? ಮೆಣಸಿನ ತೂಕ, ಹಡಗಿನ ದಿನ, ಸುಂಕದ ಲೆಕ್ಕ, ಗೋವೆಯ ಗವರ್ನರನ ಪತ್ರ ಇವೆಲ್ಲದರ ಸುಕ್ಕು ಹಣೆಯ ಮೇಲೆ ಇರಬೇಕಲ್ಲ? ಹಾಗೆ ಬರೆಯಲು ಕಲ್ಪನೆಯೊಂದೇ ಸಾಲದು. ಜೀವಂತ ಮುದುಕಿಯರನ್ನು, ಕುಮಟೆಯ ಮೀನುಪೇಟೆಯಲ್ಲಿ ಬುಟ್ಟಿಯ ಹಿಂದೆ ಕುಳಿತು ಗಿರಾಕಿಯನ್ನು ಒಂದೇ ನೋಟದಲ್ಲಿ ಅಳೆಯುವವರನ್ನು, ಅಡಿಕೆ ವಖಾರಿಯಲ್ಲಿ ಆರಿಸಲು ಕುಳಿತವರನ್ನು ಗಂಟೆಗಟ್ಟಲೆ ನೋಡಿದ ಕಣ್ಣು ಬೇಕು. ಭಾವಚಿತ್ರಕಾರ ಮರೆಯಾದ ಊರಿನಲ್ಲಿ ಇತಿಹಾಸದ ಚಿತ್ರವೂ ಸಪ್ಪೆಯಾಗುವುದು ಇದಕ್ಕೇ.

ಕುಮಟೆಯಲ್ಲಿ ಕೊನೆಯ ನಿಲ್ದಾಣ

ಕುಮಟೆ ಒಂದು ಕಾಲಕ್ಕೆ ಹತ್ತಿಯ ಹೆಸರು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ, ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಇಲ್ಲಿಂದ ಮುಂಬಯಿಗೆ, ಅಲ್ಲಿಂದ ವಿಲಾಯತಿಗೆ ಹೋಯಿತು. ಬೆಳೆಯದ ಊರಿನ ಹೆಸರೇ ‘ಕುಮಟಾ ಹತ್ತಿ’ ಎಂದು ಮಾರುಕಟ್ಟೆಯಲ್ಲಿ ನಿಂತಿತು. ಗುಡಿಗಾರರ ಮನೆಗಳೂ ಇಲ್ಲಿ, ಹೊನ್ನಾವರದಲ್ಲಿ, ಘಟ್ಟದ ಮೇಲೆ ಶಿರಸಿ ಸಾಗರಗಳಲ್ಲಿವೆ. ಗಂಧದ ಮರದಲ್ಲಿ ಉಗುರಿನಷ್ಟು ಜಾಗದಲ್ಲಿ ಮುಖ ಕೆತ್ತುವವರು. ಗೋವೆಯಿಂದ ಪೋರ್ಚುಗೀಸರ ಕಾಟಕ್ಕೆ ಓಡಿಬಂದವರು ತಾವೆಂಬುದು ಅವರ ನಂಬಿಕೆ. ಗಂಧದ ತುಂಡು ದುರ್ಲಭವಾದಂತೆ ಆ ಮುಖಗಳೂ ದುರ್ಲಭವಾಗಿವೆ.

ಲೇಖನಿಯಿಂದ ಮುಖ ಬರೆದವರಿಗಂತೂ ಈ ತಾಲ್ಲೂಕಿನಲ್ಲಿ ಬರವಿರಲಿಲ್ಲ. ಗೋಕರ್ಣದ ಗೌರೀಶ ಕಾಯ್ಕಿಣಿ, ಹನೇಹಳ್ಳಿಯ ಯಶವಂತ ಚಿತ್ತಾಲ. ಚಿತ್ತಾಲರು ಮುಂಬಯಿಯ ಸಮುದ್ರದ ಎದುರು ಕುಳಿತು ಹನೇಹಳ್ಳಿಯ ಮುಖಗಳನ್ನು ಬರೆದರು. ಕನ್ನಡದಲ್ಲಿ ‘ವ್ಯಕ್ತಿಚಿತ್ರ’ ಎಂಬ ಒಂದೇ ಪದ ಕುಂಚಕ್ಕೂ ಲೇಖನಿಗೂ ಸಲ್ಲುವುದು ಸುಮ್ಮನೆ ಅಲ್ಲ.

ಕುಮಟೆಯಿಂದ ಹತ್ತು ಹನ್ನೊಂದು ಕಿಲೋಮೀಟರು ಉತ್ತರಕ್ಕೆ ಮಿರ್ಜಾನ. ಹೆದ್ದಾರಿಯಿಂದ ಒಳಗೆ ತಿರುಗಿದರೆ ಜಂಬಿಟ್ಟಿಗೆಯ ಕೋಟೆ, ಸುತ್ತ ಕಂದಕ, ಮಳೆ ಮುಗಿದ ಮೇಲೆ ಗೋಡೆಯ ತುಂಬ ಹಸಿರು ಪಾಚಿ. ಪುರಾತತ್ತ್ವ ಇಲಾಖೆ ಅಗೆದು ಶುಚಿಗೊಳಿಸಿದ ಮೇಲೆ ಬಾವಿಗಳು, ಸುರಂಗದ ಮೆಟ್ಟಿಲುಗಳು, ನೆಲಗಟ್ಟುಗಳು ಹೊರಬಂದಿವೆ. ಕಟ್ಟಿಸಿದವರು ಯಾರೆಂಬ ಚರ್ಚೆ ವಿದ್ವಾಂಸರಿಗಿರಲಿ. ಊರಿನವರ ಬಾಯಲ್ಲಿ ಇದು ಮೆಣಸಿನ ರಾಣಿಯ ಕೋಟೆ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹೋಗಲು ಹದವಾದ ಕಾಲ. ಕೊಂಕಣ ರೈಲಿಗೆ ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ ನಾಲ್ಕೂ ಕಡೆ ನಿಲ್ದಾಣವಿದೆ. ಹಾಡುವಳ್ಳಿಗೂ ಗೇರುಸೊಪ್ಪೆಯ ಬಸದಿಗೂ ಸ್ವಂತ ವಾಹನವಿದ್ದರೆ ಅನುಕೂಲ. ಕೋಟೆಯನ್ನು ಮಧ್ಯಾಹ್ನ ನಾಲ್ಕರ ಮೇಲೆ ನೋಡಬೇಕು. ಆ ಹೊತ್ತಿಗೆ ಬಿಸಿಲು ಓರೆಯಾಗಿ ಬಿದ್ದು, ಕೆಂಪು ಕಲ್ಲಿನ ಒಂದೊಂದು ಗುಳಿಯೂ ಎದ್ದು ಕಾಣುತ್ತದೆ.